ಮೂರನೆಯ ಪ್ರಶ್ನೆಚಿಹ್ನೆ

ನನ್ನ ಚಿಕ್ಕಮ್ಮನ ಎತ್ತರ ನಾಲ್ಕು ಅಡಿ ಹನ್ನೊಂದು ಅಂಗುಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ನಿಂತಿರುವುದು ಆ ಎತ್ತರದ ಮೇಲೆ. ಅವಳನ್ನೇ ಕೇಳಿದರೆ ಐದು ಅಡಿ ಎನ್ನುತ್ತಾಳೆ. ಬೇರೆ ಯಾವ ವಿಷಯದಲ್ಲೂ ಕೂದಲೆಳೆಯಷ್ಟು ಸುಳ್ಳು ಹೇಳದವಳು, ಆ ಒಂದು ಅಂಗುಲವನ್ನು ಮಾತ್ರ ಇವತ್ತಿನವರೆಗೂ ಬಿಟ್ಟುಕೊಟ್ಟಿಲ್ಲ.

ರೈಲು ಬೋಗಿ ಕಟ್ಟುವ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಅವಳು ಮೂವತ್ತೊಂದು ವರ್ಷ ಕೆಲಸ ಮಾಡಿದಳು. ಎಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಒಂದೊಂದು ಗೆರೆಯನ್ನೂ ಶಾಯಿಯಲ್ಲಿ ಎಳೆಯುವುದು ಅವಳ ಕೆಲಸ. ಆ ಹಾಳೆಯಿಂದ ಪ್ರತಿಗಳು ತಯಾರಾಗಿ ಕಾರ್ಖಾನೆಗೆ ಹೋಗುತ್ತಿದ್ದವು. ಅಂದರೆ ತಗಡು ಕೊಯ್ಯುವವನೂ ತೂತು ಕೊರೆಯುವವನೂ ನಂಬುತ್ತಿದ್ದದ್ದು ದೊಡ್ಡವರ ಪೆನ್ಸಿಲನ್ನಲ್ಲ, ನಮ್ಮ ಚಿಕ್ಕಮ್ಮನ ಶಾಯಿಯನ್ನು. ಅಲ್ಲಿ ಎಲ್ಲರೂ ಅವಳನ್ನು ಗೆರೆಯಮ್ಮ ಎಂದೇ ಕರೆಯುತ್ತಿದ್ದರು. ಅವಳಿಗೆ ಚಿಕ್ಕಂದಿನಿಂದ ಉಬ್ಬಸ. ಆದರೂ ಉದ್ದ ಗೆರೆ ಎಳೆಯುವಾಗ ಉಸಿರು ಬಿಗಿಹಿಡಿದು, ಗೆರೆ ಮುಗಿದ ಮೇಲೆಯೇ ಬಿಡುತ್ತಿದ್ದಳು. ಮನೆಯಲ್ಲಿ ಬೀನ್ಸ್ ಹೆಚ್ಚಲು ಕೂತರೂ ಅದೇ ಕಥೆ, ಒಂದು ತುಂಡು ಇನ್ನೊಂದಕ್ಕಿಂತ ಉದ್ದ ಇರುವಂತಿಲ್ಲ. ಬೇಯಿಸಿ ತಿನ್ನುವುದಕ್ಕೆ ಇಷ್ಟು ನಾಜೂಕು ಯಾಕೆ ಎಂದು ಅವಳ ಅಕ್ಕ, ಅಂದರೆ ನಮ್ಮಮ್ಮ, ದಿನಾ ಗೊಣಗುತ್ತಿದ್ದಳು.

ನಕ್ಷೆ ವಿಭಾಗದಲ್ಲಿ ಒಂದು ಕಟ್ಟಳೆಯಿತ್ತು. ಗೆರೆ ಎಳೆಯುವವರು ಬಾಯಿ ಬಿಡುವಂತಿಲ್ಲ. ನಕ್ಷೆಯಲ್ಲಿ ಏನೋ ತಪ್ಪು ಕಂಡಿತು ಅನ್ನಿಸಿದರೆ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಪ್ರಶ್ನೆಚಿಹ್ನೆ ಹಾಕಬಹುದು, ಅಷ್ಟೆ. ಮುಖ್ಯ ನಕ್ಷೆಗಾರರು ಅದನ್ನು ನೋಡುತ್ತಿದ್ದರು. ತಪ್ಪು ನಿಜವಾದರೆ ಸರಿಪಡಿಸುತ್ತಿದ್ದರು, ಇಲ್ಲವಾದರೆ ಚಿಹ್ನೆ ಅಳಿಸಿ, ಹಾಕಿದವರ ಲೆಕ್ಕದಲ್ಲಿ ಒಂದು ಬರೆದಿಡುತ್ತಿದ್ದರು. ಒಂದೇ ವರ್ಷದಲ್ಲಿ ಅಂಥವು ಮೂರಾದರೆ ಪ್ರತಿ ತೆಗೆಯುವ ಕೋಣೆಗೆ ವರ್ಗ. ಆ ಕೋಣೆಯಲ್ಲಿ ದಿನವಿಡೀ ಪ್ರತಿ ಮೂಡಿಸಲು ಬಳಸುವ ಅಮೋನಿಯಾದ ಘಾಟು, ಬಾಗಿಲ ಮುಂದೆ ಹಾದರೂ ಕಣ್ಣಲ್ಲಿ ನೀರು ಬರುತ್ತಿತ್ತು. ನಾನು ಆಗ ನರ್ಸಿಂಗ್ ಕಲಿಯುತ್ತಿದ್ದೆ. ಚಿಕ್ಕಮ್ಮನ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಎದೆಯೊಳಗಿನ ಆ ಸಿಳ್ಳೆ ಕೇಳಿದವಳು ನಾನು. ಆ ಕೋಣೆಯಲ್ಲಿ ಅವಳು ಒಂದು ಚಳಿಗಾಲ ದಾಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಆ ವರ್ಷ ಅವಳ ಲೆಕ್ಕದಲ್ಲಿ ಆಗಲೇ ಎರಡು ಬಿದ್ದಿದ್ದವು. ನಗರದಿಂದ ಉಪನಗರಗಳಿಗೆ ಓಡುವ ಹೊಸ ವಿದ್ಯುತ್ ರೈಲಿನ ನಕ್ಷೆಗಳು ಬರುತ್ತಿದ್ದ ಕಾಲ ಅದು, ಎಲ್ಲವೂ ಎಲ್ಲರಿಗೂ ಹೊಸದು. ಬಾಗಿಲಿಗೆ ಕೀಲೇ ಇಲ್ಲವಲ್ಲ ಎಂದು ಚಿಕ್ಕಮ್ಮ ಮೊದಲ ಚಿಹ್ನೆ ಹಾಕಿದಳು. ಆ ಬಾಗಿಲು ಗೋಡೆಯೊಳಗೆ ಸರಿಯುವ ಬಾಗಿಲು. ಬೋಗಿಯಲ್ಲಿ ಶೌಚಾಲಯವೇ ಇಲ್ಲ ಎಂದು ಎರಡನೆಯದು ಹಾಕಿದಳು. ಅರ್ಧ ಗಂಟೆಯ ಪ್ರಯಾಣಕ್ಕೆ ಶೌಚಾಲಯ ಬೇಡವೆಂದು ಬೇಕೆಂದೇ ಬಿಟ್ಟಿದ್ದರು. ಇಡೀ ವಿಭಾಗ ಒಂದು ವಾರ ನಕ್ಕಿತು. ಮನೆಯಲ್ಲಿ ನಾವೂ ನಕ್ಕೆವು, ಸುಳ್ಳೇಕೆ.

ಮುಖ್ಯ ನಕ್ಷೆಗಾರರಿಗೆ ಹುಡುಗರು ಇಟ್ಟ ಹೆಸರು ದಶಮಾಂಶ. ಚಹಾಕ್ಕೆ ಸಕ್ಕರೆ ಎಷ್ಟು ಎಂದರೆ ಒಂದು ಪಾಯಿಂಟ್ ಐದು ಚಮಚ ಎನ್ನುವ ಮನುಷ್ಯ. ಮೋಟುದ್ದದ ಆಳು, ಎರಡು ಅಂಗುಲ ಹಿಮ್ಮಡಿಯ ಬೂಟು, ಮೂಗಿನ ತುದಿಯಲ್ಲೇ ಕೋಪ. ಆದರೆ ಕೆಲಸದಲ್ಲಿ ಅಪ್ಪಟ ಚಿನ್ನ. ಹಳೆಯ ರೈಲಿನಲ್ಲಿ ಒಂದು ಎಂಜಿನ್ ಇಡೀ ಸಾಲನ್ನು ಏದುಸಿರು ಬಿಡುತ್ತ ಎಳೆಯುತ್ತಿತ್ತು. ಹೊಸದರಲ್ಲಿ ಎಂಜಿನ್ನೇ ಇಲ್ಲ, ಮೋಟಾರುಗಳು ಬೋಗಿಗಳ ಅಡಿಯಲ್ಲೇ ಅಡಗಿದ್ದವು. ಎರಡು ನಿಮಿಷಕ್ಕೊಂದು ನಿಲ್ದಾಣ ಬರುವ ಕಡೆ ಬೇಗ ವೇಗ ಹಿಡಿಯಬೇಕು, ಬೇಗ ನಿಲ್ಲಬೇಕು. ಅದಕ್ಕಾಗಿ ಆತ ಮೂರು ವರ್ಷ ನಿದ್ದೆಗೆಟ್ಟಿದ್ದರು. ಕೂರುವವರಿಗಿಂತ ನಿಲ್ಲುವವರೇ ಹೆಚ್ಚೆಂದು ತಿಳಿದು, ಅವರು ಹಿಡಿದುಕೊಳ್ಳಲು ಚಾವಣಿಯಿಂದ ಪಟ್ಟಿಯಲ್ಲಿ ಬಳೆಗಳನ್ನು ತೂಗುಬಿಡುವ ನಕ್ಷೆಯನ್ನೂ ತಾವೇ ಬರೆದರು.

ಆ ಹಿಡಿಬಳೆಗಳ ನಕ್ಷೆ ಚಿಕ್ಕಮ್ಮನ ಮೇಜಿಗೆ ಬಂತು. ಎತ್ತರದ ಅಂಕಿ ನೋಡಿದ ಕೂಡಲೇ ಅವಳು ಎದ್ದು ನಿಂತು, ಗೋಡೆಗೆ ಅಳತೆಪಟ್ಟಿ ಹಿಡಿದು ಕೈ ಚಾಚಿದಳಂತೆ. ಬೆರಳ ತುದಿ ಮುಟ್ಟಿತು, ಹಿಡಿತಕ್ಕೆ ಸಿಗಲಿಲ್ಲ.

ಆ ಅಂಕಿ ಎಲ್ಲಿಂದ ಬಂತೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಸಾಮಾನ್ಯ ಪ್ರಯಾಣಿಕನ ಎತ್ತರ ಎಷ್ಟೆಂದು ತಿಳಿಯಲು ದಶಮಾಂಶ ಸಾಹೇಬರು ಕಾರ್ಖಾನೆಯ ಅಂಗಳದಲ್ಲೇ ಇನ್ನೂರು ಜನರನ್ನು ಸಾಲಾಗಿ ನಿಲ್ಲಿಸಿ ಅಳೆಸಿದ್ದರು, ಸಾಲಿನ ಕೊನೆಗೆ ತಾವೂ ನಿಂತಿದ್ದರು. ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಪುಸ್ತಕದಲ್ಲಿ ಬರೆದುಕೊಂಡವಳು ಚಿಕ್ಕಮ್ಮ. ಅಳತೆ ಬರೆದವಳ ಅಳತೆಯನ್ನು ಯಾರೂ ತೆಗೆಯಲಿಲ್ಲ.

ಅವತ್ತು ಸಂಜೆ ಮನೆಯಲ್ಲಿ ದೊಡ್ಡ ಜಗಳ. ಜಗಳ ಮಾಡಿದವಳು ನಾನೊಬ್ಬಳೇ, ಅವಳು ಬೀನ್ಸ್ ಹೆಚ್ಚುತ್ತಿದ್ದಳು. ಬಳೆ ಎಷ್ಟು ಎತ್ತರಕ್ಕಿದ್ದರೆ ನಿನಗೇನು, ಬೆಕ್ಕಿಗೆ ಗಂಟೆ ಕಟ್ಟುವ ಉಸಾಬರಿ ನಿನಗೇ ಯಾಕೆ, ಮೂರನೆಯದು ಬಿದ್ದರೆ ನಿನ್ನ ಶ್ವಾಸಕೋಶ ಏನಾಗುತ್ತದೆ ಗೊತ್ತಾ ಎಂದು ಕೂಗಾಡಿದೆ. ಅವಳು ರವಿಕೆಯ ತೋಳು ಮೇಲಕ್ಕೆ ಸರಿಸಿ ತೋರಿಸಿದಳು. ಮೊಣಕೈಯಿಂದ ಭುಜದವರೆಗೆ ನೀಲಿಗಟ್ಟಿತ್ತು. ಎರಡು ದಿನದ ಹಿಂದೆ ಹಳೆಯ ರೈಲು ಗಕ್ಕನೆ ನಿಂತಾಗ ಬಸುರಿ ಹೆಂಗಸೊಬ್ಬಳು ಇವಳ ಮೇಲೆ ಬಿದ್ದಿದ್ದಳು. ಹಿಡಿದುಕೊಳ್ಳಲು ಇಬ್ಬರ ಕೈಗೂ ಏನೂ ಸಿಕ್ಕಿರಲಿಲ್ಲ.

"ಹಳೇ ರೈಲು ಎಮ್ಮೆ ಥರ ಹೊರಡುತ್ತೆ," ಎಂದಳು. "ಹೊಸದು ಹಾಗಲ್ಲ ಕಣೇ. ಹೊರಡೋದೂ ಜೋರು, ನಿಲ್ಲೋದೂ ಜೋರು. ಅವಳು ಇನ್ನೊಂದು ಸಲ ಬಿದ್ರೆ, ಆ ಗೆರೆ ಎಳೆದೋಳು ನಾನೇ ಆಗಿರ್ತೀನಿ."

ಮರುದಿನ ಬೆಳಿಗ್ಗೆ ಅವಳು ಮೂರನೆಯ ಪ್ರಶ್ನೆಚಿಹ್ನೆ ಹಾಕಿದಳು. ನಾನು ಅವಳೊಂದಿಗೆ ನಾಲ್ಕು ದಿನ ಮಾತು ಬಿಟ್ಟೆ. ಅಷ್ಟು ಬುದ್ಧಿ ನನಗೆ.

ದಶಮಾಂಶ ಸಾಹೇಬರ ಮುಖ ಹರಳೆಣ್ಣೆ ಕುಡಿದಂತಾಯಿತಂತೆ. ಇನ್ನೂರು ಜನರನ್ನು ಅಳೆದ ಮೇಲೂ ಪ್ರಶ್ನೆಯೇ ಎಂದರು. ಬಳೆ ಕೆಳಗಿಳಿಸಿದರೆ ಎತ್ತರದವರ ಹಣೆಗೆ ಬಡಿಯುತ್ತದೆ ಎಂದರು, ಅದು ನ್ಯಾಯವಾದ ಮಾತೇ. ಆದರೂ ಚಿಹ್ನೆಯನ್ನು ಕೂಡಲೇ ಅಳಿಸಲಿಲ್ಲ. ಬಡಗಿಗಳು ಬೋಗಿಯ ಅರ್ಧ ಭಾಗವನ್ನು ಅದೇ ಅಳತೆಯಲ್ಲಿ ಮರದಿಂದ ಕಟ್ಟಿ ಸ್ಪ್ರಿಂಗುಗಳ ಮೇಲೆ ಕೂರಿಸಿದ್ದರು. ಕೆಳಗಿನಿಂದ ಎಂಟು ಜನ ಸನ್ನೆಗೋಲು ಹಾಕಿ ಅಲುಗಾಡಿಸಿದರೆ ಓಡುವ ರೈಲಿನಂತೆಯೇ ಕುಲುಕುತ್ತಿತ್ತು. ಸೋಮವಾರ ಪರೀಕ್ಷೆ, ತೀರ್ಮಾನವೂ ಅಲ್ಲೇ ಎಂದು ಹೇಳಿ ಕಳಿಸಿದರು.

ಸೋಮವಾರ ಆ ಮರದ ಬೋಗಿಯ ಬಾಗಿಲಲ್ಲಿ ಸಾಹೇಬರದೇ ಒಂದು ಸೂಚನೆ ಅಂಟಿಸಿತ್ತು. ನೆಲಕ್ಕೆ ಹೊಸ ಹಾಸು ಅಂಟಿಸಿದ್ದರಿಂದ ಎಲ್ಲರೂ ಪಾದರಕ್ಷೆ ಹೊರಗೆ ಬಿಡಬೇಕು. ಬಿಟ್ಟರು. ಕಾರ್ಖಾನೆಯ ದಪ್ಪ ಅಟ್ಟೆಯ ಬೂಟುಗಳು ಸಾಲಾಗಿ ನಿಂತವು, ಸಾಲಿನ ತುದಿಯಲ್ಲಿ ಸಾಹೇಬರ ಎರಡಂಗುಲದ ಜೋಡಿ. ಅಳತೆಯ ಪುಸ್ತಕ ಹಿಡಿದು ಚಿಕ್ಕಮ್ಮನೂ ಒಳಗೆ ಹೋದಳು. ಪ್ರಶ್ನೆ ಕೇಳಿದವರು ಉತ್ತರ ನೋಡಲಿ ಎಂದು ಸಾಹೇಬರು ಅವಳನ್ನು ತಮ್ಮ ಪಕ್ಕದಲ್ಲೇ ನಿಲ್ಲಿಸಿಕೊಂಡರು.

ಮೇಸ್ತ್ರಿ ಸೀಟಿ ಊದಿದ. ಬೋಗಿ ಹೊರಟಂತೆ ಜಗ್ಗಿತು. ಸಾಹೇಬರು ಕೈ ಚಾಚಿ ಬಳೆಯನ್ನು ಹಿಡಿಯಹೋದರೆ ಸಿಕ್ಕಿದ್ದು ಎರಡು ಬೆರಳಿಗೆ. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತರು. ಎರಡನೆಯ ಸಲ ಸೀಟಿ ಊದಿದಾಗ ಬ್ರೇಕ್ ಹಾಕಿದಂತೆ ಎದುರು ಜಗ್ಗು. ಬೆರಳು ಜಾರಿತು, ಪಕ್ಕದಲ್ಲಿ ಏನಿತ್ತೋ ಅದನ್ನು ಗಬಕ್ಕನೆ ಹಿಡಿದುಕೊಂಡರು. ಅದು ನಮ್ಮ ಚಿಕ್ಕಮ್ಮನ ಭುಜ, ನೀಲಿಗಟ್ಟಿದ ಕಡೆಯದೇ. ಹನ್ನೊಂದು ವರ್ಷ ಹಳೆಯ ರೈಲಿನಲ್ಲಿ ನಿಂತು ಪಳಗಿದವಳು, ಕಾಲು ಅಗಲಿಸಿ ಸೀಟಿನ ಬೆನ್ನಿಗೆ ಸೊಂಟ ಕೊಟ್ಟು ನಿಂತಿದ್ದಳು. ಹಾಗೇ ಸಾಹೇಬರ ಭಾರ ಹೊತ್ತಳು. ಹಿಂದೆ ಇಬ್ಬರು ಗುಮಾಸ್ತರು ಒಬ್ಬರ ಮೇಲೊಬ್ಬರು ಬಿದ್ದಿದ್ದರು.

ಯಾರೂ ನಗಲಿಲ್ಲ. ಸಾಹೇಬರು ಅಂಗಿ ಸರಿಮಾಡಿಕೊಂಡು ಬಾಗಿಲಾಚೆಯ ಬೂಟುಗಳ ಸಾಲನ್ನು ಬಹಳ ಹೊತ್ತು ನೋಡಿದರು.

"ಅಳತೆ ತಗೊಂಡ ದಿನ ಎಲ್ಲರೂ ಬೂಟು ಹಾಕಿದ್ರಾ?"

"ಹಾಕಿದ್ರು ಸಾರ್," ಎಂದಳು ಚಿಕ್ಕಮ್ಮ. "ತಾವೂ ಹಾಕಿದ್ರಿ."

"ಹೆಂಗಸರು ಎಷ್ಟು ಜನ?"

ಅವಳಿಗೆ ಉತ್ತರ ಗೊತ್ತಿತ್ತು. ಆದರೂ ಪುಸ್ತಕದ ಪುಟಗಳನ್ನೆಲ್ಲ ತಿರುವಿ ನೋಡಿಯೇ ಹೇಳಿದಳು. "ಒಬ್ಬರೂ ಇಲ್ಲ ಸಾರ್."

ಬಳೆ ಇಳಿಸಿದರೆ ಎತ್ತರದವರ ಹಣೆಯ ಗತಿ ಏನು ಎಂದು ಅವರು ಮತ್ತೆ ಕೇಳಿದರು. ಈ ಸಲ ಅದು ಗದರಿಕೆಯಾಗಿರಲಿಲ್ಲ, ನಿಜವಾದ ಪ್ರಶ್ನೆಯಾಗಿತ್ತು. ಓಡಾಡುವ ದಾರಿಯ ಮೇಲೆ ಬೇಡ, ಸೀಟಿನ ಅಂಚಿನ ನೇರಕ್ಕೆ ಹಾಕಿ, ಅಲ್ಲಿ ಯಾರೂ ನಡೆಯುವುದಿಲ್ಲ, ಬರೀ ನಿಲ್ಲುತ್ತಾರೆ ಎಂದಳು ಚಿಕ್ಕಮ್ಮ. ಅಲ್ಲಿಯವರೆಗಿನ ಹನ್ನೊಂದು ವರ್ಷದ ಕೆಲಸದಲ್ಲಿ ಆ ವಿಭಾಗದ ಜನ ಅವಳ ಬಾಯಿಂದ ಕೇಳಿದ ಅತಿ ಉದ್ದದ ಮಾತು ಅದಂತೆ.

ಸಾಹೇಬರು ಕ್ಷಮೆ ಕೇಳಲಿಲ್ಲ. ಆ ಜಾತಿಯವರಲ್ಲ. ಆದರೆ ಮುಂದಿನ ಮೂರು ವಾರ ದಿನಾ ಬೆಳಿಗ್ಗೆ ಹಳೆಯ ರೈಲು ನಿಲ್ದಾಣದ ಬಾಗಿಲಲ್ಲಿ ಅಳತೆಪಟ್ಟಿ ಹಿಡಿದು ನಿಂತು, ಹೆಂಗಸರು, ಮುದುಕರು, ಶಾಲೆಯ ಹುಡುಗಿಯರು ಎನ್ನದೆ ಆರುನೂರು ಜನರನ್ನು ಬೂಟು ಬಿಚ್ಚಿಸಿ ಅಳೆದರು. ಬೈಸಿಕೊಂಡರು, ಆದರೂ ಬಿಡಲಿಲ್ಲ. ಅದಕ್ಕೇ ಆ ಮನುಷ್ಯನ ಮೇಲಿನ ನನ್ನ ಸಿಟ್ಟು ಇಳಿದದ್ದು. ತಿದ್ದಿದ ನಕ್ಷೆ ಚಿಕ್ಕಮ್ಮನ ಮೇಜಿಗೆ ಬಂದಾಗ ಬಳೆಗಳು ಒಂದು ಗೇಣು ಕೆಳಗಿಳಿದು ಸೀಟಿನ ಅಂಚಿಗೆ ಸರಿದಿದ್ದವು. ಅವಳ ಪ್ರಶ್ನೆಚಿಹ್ನೆ ಅಳಿಸಿರಲಿಲ್ಲ, ಪಕ್ಕದಲ್ಲಿ ಒಂದು ಸರಿ ಗುರುತು ಬಿದ್ದಿತ್ತು. ಹದಿನಾಲ್ಕು ಹಾಳೆಗಳನ್ನು ಅವಳು ಮೊದಲಿನಿಂದ ಎಳೆಯಬೇಕಾಯಿತು. ಆ ಹಾಳೆಗಳ ಮೂಲೆಯಲ್ಲಿ ವಿನ್ಯಾಸ ಎಂಬಲ್ಲಿ ಸಾಹೇಬರ ಸಹಿಯಿದೆ, ನಕಲು ಎಂಬಲ್ಲಿ ಇವಳದು. ಇದು ಅನ್ಯಾಯ ಎಂದು ನಾನು ಇವತ್ತಿಗೂ ಹೇಳುತ್ತೇನೆ. ಅವಳಿಗೆ ಅದು ತಲೆಗೇ ಹೋಗುವುದಿಲ್ಲ. ನಕಲು ಮಾಡಿದವಳು ನಕಲು ಎಂದು ಸಹಿ ಹಾಕಬೇಕು, ಇನ್ನೇನು ಎನ್ನುತ್ತಾಳೆ.

ಎರಡು ವರ್ಷದ ಮೇಲೆ ರೈಲು ಓಡಲು ಶುರುವಾಯಿತು. ಒಂದು ಸಂಜೆ ಆಸ್ಪತ್ರೆ ಮುಗಿಸಿ ನಾನು, ಕಾರ್ಖಾನೆ ಮುಗಿಸಿ ಅವಳು, ಒಂದೇ ಬೋಗಿಯಲ್ಲಿ ಮನೆಗೆ ಹೊರಟಿದ್ದೆವು. ಅಪರೂಪಕ್ಕೆ ನಮಗೆ ಕೂರಲು ಜಾಗ ಸಿಕ್ಕಿತ್ತು. ಎದುರಿಗೆ ಒಬ್ಬ ಹೆಂಗಸು ನಿಂತಿದ್ದಳು, ಚಿಕ್ಕಮ್ಮನಿಗಿಂತ ಎತ್ತರವೇನಲ್ಲ. ಹೆಗಲಲ್ಲಿ ಭಾರದ ಚೀಲ, ಬೆರಳುಗಳಲ್ಲಿ ಬಣ್ಣದ ಕಲೆ. ಬಳೆಯೊಳಗೆ ಮಣಿಕಟ್ಟಿನವರೆಗೆ ಕೈ ತೂರಿಸಿ, ಅದೇ ತೋಳಿಗೆ ಕೆನ್ನೆ ಇಟ್ಟು ನಿದ್ದೆ ಹೋಗಿದ್ದಳು. ರೈಲು ನಿಂತಿತು, ಹೊರಟಿತು, ಮತ್ತೆ ನಿಂತಿತು. ಅವಳು ಒಮ್ಮೆ ಆಚೆ ವಾಲಿದಳು, ಒಮ್ಮೆ ಈಚೆ ವಾಲಿದಳು, ಕಣ್ಣು ಮಾತ್ರ ತೆರೆಯಲಿಲ್ಲ.

ಈ ಬಳೆಯನ್ನು ಇಲ್ಲಿಗೆ ಇಳಿಸಿದ್ದು ಯಾರು ಗೊತ್ತಾ ಎಂದು ಇಡೀ ಬೋಗಿಗೆ ಸಾರಿ ಹೇಳಬೇಕೆನ್ನಿಸಿತು. ಪಕ್ಕಕ್ಕೆ ತಿರುಗಿದರೆ ಚಿಕ್ಕಮ್ಮ ಆ ಹೆಂಗಸಿನ ಕೈಯನ್ನೇ ನೋಡುತ್ತ, ಉದ್ದ ಗೆರೆ ಎಳೆಯುವಾಗಿನಂತೆ ಉಸಿರು ಬಿಗಿಹಿಡಿದು ಕೂತಿದ್ದಳು. ನಮ್ಮ ನಿಲ್ದಾಣ ಬಂತು. ನಾನು ಚೀಲ ಎತ್ತಿಕೊಂಡು ಏಳಹೋದೆ. ಚಿಕ್ಕಮ್ಮ ನನ್ನ ಸೆರಗು ಹಿಡಿದು ಮತ್ತೆ ಕೂರಿಸಿದಳು. ಬಾಗಿಲಿಗೆ ಹೋಗಬೇಕಾದರೆ ಆ ಹೆಂಗಸನ್ನು ಸರಿಸಿಯೇ ಹೋಗಬೇಕಿತ್ತು.

"ಕೂತ್ಕೋ. ಎದ್ದುಬಿಡ್ತಾಳೆ."

ನಾವು ಕೊನೆಯ ನಿಲ್ದಾಣದವರೆಗೂ ಹೋದೆವು.