ಕರಡಿಗೆಯ ಹಿಂದಿನ ಫಿಲ್ಮು

ಹೊಂಗನೂರಿನ ಗವಿಸಿದ್ದಯ್ಯನೂ ನಾನೂ ಒಂದೇ ಜಗಲಿಯ ಮೇಲೆ ಆಡಿ ಬೆಳೆದವರು. ಅದಕ್ಕೇ ಅವನ ವಿಷಯ ಬರೆಯುವಾಗ ನಯನಾಜೂಕು ನನ್ನಿಂದಾಗದು. ಅವನು ಕೆಟ್ಟವನಲ್ಲ. ಹೊಗಳಿದರೆ ಕರಗಿಬಿಡುವ ಮನುಷ್ಯ, ಅಷ್ಟೆ. ಅಷ್ಟೇ ಸಾಕಾಯಿತು.

ಮಹಾರಾಜರ ಕಾಲ. ಚನ್ನಪಟ್ಟಣದ ಹೊರಗೆ ರೈಲು ದಾರಿಯ ಪಕ್ಕದಲ್ಲಿ ರೇಷ್ಮೆ ಸಂಶೋಧನೆಯ ಬಂಗಲೆಯೊಂದು ಎದ್ದಿತು. ಹುಳುವಿನ ಮೊಟ್ಟೆಗೆ ಎಕ್ಸರೇ ಹಾಯಿಸಿದರೆ ಹೊಸ ತಳಿ ಬರುತ್ತದೋ ಎಂದು ನೋಡುವುದು ಅಲ್ಲಿಯ ಕೆಲಸ. ಮೊಟ್ಟೆಯ ಹಾಳೆಗಳನ್ನು ಯಂತ್ರದ ಕೆಳಗೆ ಇಡಲು ಇಬ್ಬರನ್ನು ತೆಗೆದುಕೊಂಡರು. ಒಬ್ಬ ಗವಿಸಿದ್ದಯ್ಯ, ಇನ್ನೊಬ್ಬ ಪೇಟೆಯ ಹಬೀಬ್. ಹಬೀಬನ ಮನೆಯವರು ಗೊಂಬೆ ಕಡೆಯುವವರು. ಅವನಿಗೆ ಮಾತ್ರ ಬಂಗಲೆಯ ಕೆಲಸವೆಂದರೆ ಪ್ರಾಣ.

ಕಿರಣ ಮೈಗೆ ಎಷ್ಟು ತಾಗಿತೆಂದು ತಿಳಿಯಲು ಸೂಪರಿಂಟೆಂಡೆಂಟ್ ಸಾಹೇಬರು ಒಂದು ಏರ್ಪಾಡು ಮಾಡಿದ್ದರು. ಕಪ್ಪು ಕಾಗದದಲ್ಲಿ ಸುತ್ತಿದ ಪುಟ್ಟ ಫಿಲ್ಮು, ಅದರ ಮೇಲೊಂದು ತಂತಿಯ ಕ್ಲಿಪ್ಪು. ಹದಿನೈದು ದಿನ ಅದನ್ನು ಎದೆಯ ಮೇಲೆ ಇಟ್ಟುಕೊಂಡಿರಬೇಕು, ಆಮೇಲೆ ತೊಳೆದು ನೋಡುತ್ತಾರೆ. ಕಿರಣ ತಾಗದಿದ್ದರೆ ಫಿಲ್ಮು ತಿಳಿಯಾಗಿರುತ್ತದೆ. ತಾಗಿದ್ದರೆ ಕಪ್ಪಾಗಿ, ಕ್ಲಿಪ್ಪಿದ್ದ ಕಡೆ ಮಾತ್ರ ಬೆಳ್ಳಗೆ ಗುರುತು ಉಳಿಯುತ್ತದೆ.

ಹಬೀಬ್ ಅದನ್ನು ಜೇಬಿನಲ್ಲಿಟ್ಟುಕೊಂಡ. ಗವಿಸಿದ್ದಯ್ಯನ ಅಂಗಿಗೆ ಜೇಬೇ ಇರಲಿಲ್ಲ. ಎದೆಯ ಮೇಲೆ ಎಂದರೆ ಲಿಂಗವಂತ ಜಾಗ ಹುಡುಕಬೇಕೆ? ಕೊರಳಲ್ಲಿ ಇಷ್ಟಲಿಂಗವಿಡುವ ಕರಡಿಗೆ ಇತ್ತು, ತಾತನ ಕಾಲದ ದಪ್ಪ ಬೆಳ್ಳಿಯದು. ಅದರ ಹಿಂದೆ, ಮೈಗೆ ಅಂಟುವಂತೆ, ಫಿಲ್ಮನ್ನು ದಾರದಲ್ಲಿ ಕಟ್ಟಿಕೊಂಡ. ಅವನ ಮೈಮೇಲೆ ಅದಕ್ಕಿಂತ ಭದ್ರವಾದ ಜಾಗ ಇನ್ನೊಂದಿರಲಿಲ್ಲ. ಬೆಳ್ಳಿ ಕಿರಣವನ್ನು ತಡೆಯುತ್ತದೆಂದು ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಪ್ರತಿಸಲವೂ ಹಬೀಬನದು ಕಪ್ಪು, ಇವನದು ತಿಳಿ. ಕಪ್ಪು ಬಂದರೆ ಅಲ್ಲಿ ಪರೀಕ್ಷೆಯಲ್ಲಿ ನಪಾಸಾದ ಹಾಗೆ. “ಗವಿಸಿದ್ದಯ್ಯನನ್ನು ನೋಡಿ ಕಲಿ” ಎಂದು ಸಾಹೇಬರು ಹಬೀಬನಿಗೆ ಎಲ್ಲರ ಮುಂದೆ ಹೇಳುತ್ತಿದ್ದರು. ಇವನು ಊರಿಗೆ ಬಂದು ಎದೆ ತಟ್ಟಿಕೊಂಡು, “ನನ್ನ ಶಿವ ಕಾಯ್ತಾವ್ನೆ ಕಣ್ಲಾ” ಎಂದು ಕೊಚ್ಚಿಕೊಳ್ಳುತ್ತಿದ್ದ. ನಾನೂ ತಲೆಯಾಡಿಸಿದೆ, ದಡ್ಡ.

ನಿಜ ಸಂಗತಿ ಬೇರೆ. ಯಂತ್ರ ಓಡುವಾಗ ಸೀಸದ ಹಲಗೆಯ ಮರೆಯಲ್ಲಿ ನಿಲ್ಲಬೇಕೆಂದು ನಿಯಮ. ಆದರೆ ಹಾಳೆ ಜಾರುತ್ತಿತ್ತು. ಜಾರಿದರೆ ಬೈಗುಳ. ಹಾಗಾಗಿ ಇಬ್ಬರೂ ಹಲಗೆ ಬಿಟ್ಟು ಮುಂದೆ ಬಂದು, ಪಕ್ಕಪಕ್ಕದಲ್ಲಿ ನಿಂತು, ಎಡಗೈಯಲ್ಲಿ ಹಾಳೆಯನ್ನು ಒತ್ತಿ ಹಿಡಿಯುತ್ತಿದ್ದರು.

ಒಂದು ದಿನ ಸಾಹೇಬರಿಗೆ ರೇಗಿಹೋಯಿತು. ಹಬೀಬನ ಕರಿ ಫಿಲ್ಮನ್ನು ಮೇಜಿನ ಮೇಲೆ ಕುಕ್ಕಿ, “ಹಲಗೆಯ ಹಿಂದೆ ನಿಲ್ಲುವುದಿಲ್ಲ ನೀನು” ಎಂದರು.

“ನಾವಿಬ್ರೂ ಒಂದೇ ಕಡೆ ನಿಲ್ಲೋದು ಸಾಹೇಬ್ರೆ, ಅಣ್ಣನ್ನೇ ಕೇಳಿ” ಎಂದ ಹಬೀಬ್.

ಸಾಹೇಬರು ಇವನತ್ತ ತಿರುಗಿದರು. “ಹೌದೇನಯ್ಯ?”

ಗವಿಸಿದ್ದಯ್ಯ ನೆಲ ನೋಡುತ್ತಾ, “ನಾನು ನೋಡಿಲ್ಲ ಬುದ್ಧಿ” ಎಂದ.

ಸಂಜೆಯೊಳಗೆ ಹಬೀಬನ ಕೆಲಸ ಹೋಯಿತು. ಇದನ್ನು ಗವಿಸಿದ್ದಯ್ಯನೇ ನನಗೆ ಹೇಳಿದ್ದು, ಬಹಳ ಕಾಲದ ಮೇಲೆ, ನನ್ನ ಮುಖ ನೋಡದೆ. ಕೇಳಿದ ನನಗೇ ನಾಚಿಕೆಯಿಂದ ಮೈ ಹಿಡಿಯಾಯಿತು.

ಇನ್ನೂ ಎರಡು ವರ್ಷ ಅವನೊಬ್ಬನೇ ಹಾಳೆ ಹಿಡಿದ. ಎಡಗೈಯ ಉಗುರು ಕಪ್ಪಿಟ್ಟಿತು. ಚರ್ಮ ಬಿರಿದು ಹುಣ್ಣಾಯಿತು. ಹಿಪ್ಪುನೇರಳೆ ಸೊಪ್ಪಿನ ನಂಜು ಎಂದು ಹರಳೆಣ್ಣೆ ಸವರಿಕೊಂಡ. ಫಿಲ್ಮು ತಿಳಿಯಾಗಿತ್ತಲ್ಲ, ಇನ್ನೇನು ಭಯ!

ಕೊನೆಗೊಮ್ಮೆ ಕರಡಿಗೆಯ ದಾರ ಸಡಿಲವಾಗಿ ಫಿಲ್ಮು ಅರ್ಧ ಆಚೆ ಜಾರಿಕೊಂಡಿತು. ತೊಳೆದು ನೋಡಿದರೆ ಅರ್ಧ ಕಪ್ಪು, ಅರ್ಧ ತಿಳಿ, ನಡುವೆ ಗುಂಡನೆಯ ಅಂಚು. ಎಲ್ಲಿ ಇಟ್ಟುಕೊಂಡಿದ್ದೆ ಎಂದು ಸಾಹೇಬರು ಕೇಳಿದಾಗ ಅವನು ಅಂಗಿಯೊಳಗಿಂದ ಕರಡಿಗೆ ತೆಗೆದು ಫಿಲ್ಮಿನ ಮೇಲಿಟ್ಟ. ಅಂಚಿಗೆ ಅಂಚು ಕೂತಿತು. ಸಾಹೇಬರು ಅವನ ಕೈ ನೋಡಿದರು, ಬೈಯಲಿಲ್ಲ. ಆ ಕೋಣೆಗೆ ಇನ್ನು ಬರಬೇಡ ಎಂದರು. ಹಬೀಬನನ್ನು ಕರೆಸಿ ತಪ್ಪಾಯಿತು ಅನ್ನಲೂ ಇಲ್ಲ. ದೊಡ್ಡ ಮನುಷ್ಯರು.

ಆಮೇಲೆ ಎಷ್ಟೋ ತಿಂಗಳು ಗವಿಸಿದ್ದಯ್ಯ ಸಂತೆಗೆ ಹೋದರೆ ಹಬೀಬನ ಬೀದಿ ತಪ್ಪಿಸಿ ಸುತ್ತು ಹಾಕಿ ಬರುತ್ತಿದ್ದ. ಒಂದು ದಿನ ಹೇಗೋ ಗಟ್ಟಿ ಮನಸ್ಸು ಮಾಡಿ ಹೋದ. ಹಬೀಬ್ ಗೊಂಬೆ ಕಡೆಯುತ್ತಾ ಕೂತಿದ್ದ. ಇವನು ಬಾಗಿಲಲ್ಲೇ ನಿಂತು, “ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ ಕಣಪ್ಪ” ಎಂದ.

“ಅದು ನಂಗೂ ಗೊತ್ತಲ್ಲಣ್ಣ. ಒಳಕ್ಕೆ ಬಾ” ಎಂದ ಹಬೀಬ್. ಆಮೇಲೆ ಆ ಕೈ ಕಂಡು ಉಳಿ ಕೆಳಗಿಟ್ಟ. “ಅಲ್ಲೇ ಇದ್ದಿದ್ರೆ ನಂದೂ ಹಿಂಗೇ ಆಗೋದು. ನೀನು ನೋಡಿಲ್ಲ ಅಂದಿದ್ದೇ ಒಳ್ಳೇದಾಯ್ತು ಬುಡು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದನಂತೆ. ಹಬೀಬ್ ಮತ್ತೂ ಕೇಳಿದ: “ಎಡ ಅಂಗೈ ಮೇಲೆ ಲಿಂಗ ಇಟ್ಕೊಂಡು ಪೂಜೆ ಮಾಡ್ತಿದ್ಯಲ್ಲಣ್ಣ, ಈಗ ಎಂಗೆ?” ಗವಿಸಿದ್ದಯ್ಯ ಕೈಯನ್ನು ಹಿಂದಕ್ಕೆಳೆದುಕೊಂಡ. ಹುಣ್ಣಾದ ಎಡಗೈ ಲಿಂಗ ಹಿಡಿದು ಆಗಲೇ ಬಹಳ ದಿನವಾಗಿತ್ತು.

ಮುಂದಿನ ಸಂತೆಯ ದಿನ ಹಬೀಬ್ ಒಂದು ಗಂಟು ಕಳಿಸಿದ. ಒಳಗೆ ಹಾಲೆ ಮರದಲ್ಲಿ ಕಡೆದ ಪುಟ್ಟ ಪೀಠ, ನಡುವೆ ಅಂಗೈಯಷ್ಟೇ ಹಳ್ಳ. ಬಣ್ಣ ಹಾಕಿರಲಿಲ್ಲ. “ನಿಮ್ಮ ದೇವ್ರಿಗೆ ಯಾವ ಬಣ್ಣ ಆಯ್ತದೋ ನಂಗೆ ತಿಳೀದು” ಎಂದು ಹೇಳಿ ಕಳಿಸಿದ್ದ.

ಅಂದಿನಿಂದ ಗವಿಸಿದ್ದಯ್ಯನ ಲಿಂಗ ಆ ಪೀಠದ ಮೇಲೆಯೇ ಪೂಜೆಗೊಂಡಿತು. ಪೂಜೆಯಲ್ಲಿ ದೃಷ್ಟಿ ಲಿಂಗದ ಮೇಲೆ ನಿಲ್ಲಬೇಕು, ಅದು ಪದ್ಧತಿ. ಅವನ ಹೆಂಡತಿ ಮೀನಾಕ್ಷಮ್ಮ ಒಮ್ಮೆ ನನ್ನ ಹತ್ತಿರ ಹೇಳಿಕೊಂಡಳು: “ಇವ್ರು ದಿನಾ ಕಣ್ಣು ಮುಚ್ಕೊಂಡೇ ಪೂಜೆ ಮಾಡ್ತಾರೆ ಕಣಣ್ಣ. ಒಸಿ ಕಣ್ಣು ಬುಟ್ಟು ನೋಡ್ರಿ ಅಂದ್ರೆ, ನಾಚ್ಕೆ ಆಯ್ತದೆ ಅಂತಾರೆ.”