ಅಕ್ಕನ ಕೈಯ ಜಾಣ ಗಡಿಯಾರ

ನನ್ನ ತಮ್ಮ ಸಿಂದಗಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಅವನ ಮಾತು ಕೇಳಿದರೆ ಮಾತ್ರ ಜಗತ್ತಿನ ಪ್ರಯೋಗಾಲಯಗಳೆಲ್ಲ ಅವನ ಗಲ್ಲಾಪೆಟ್ಟಿಗೆಯ ಹಿಂದೆಯೇ ಇವೆ ಅನ್ನಿಸಬೇಕು. ಹಲ್ಲುಜ್ಜುವ ಮುಂಚೆ ಫೋನಿನಲ್ಲಿ ಒಂದೆರಡು ವಿಡಿಯೊ ನೋಡುತ್ತಾನೆ, ಮಧ್ಯಾಹ್ನದ ಊಟದ ಹೊತ್ತಿಗೆ ವಿಜ್ಞಾನಿಯಾಗಿರುತ್ತಾನೆ. ನಿದ್ದೆಗೆ ಅಂಕ ಕೊಡುವ ಉಂಗುರ, ತೋಳಿಗೆ ಅಂಟಿಸಿಕೊಂಡರೆ ಸಕ್ಕರೆ ಅಳೆಯುವ ಬಿಲ್ಲೆ, ಕಂಡದ್ದನ್ನೆಲ್ಲ ಕಿವಿಯಲ್ಲಿ ವಿವರಿಸುವ ಕನ್ನಡಕ, ಇವುಗಳ ವರ್ಣನೆ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿದೆ. ನಾನು ಇಂಡಿ ಪಟ್ಟಣದ ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೂ ವಿಜ್ಞಾನ ಕಲಿಸಿದವನು. ಡಬ್ಬಿಯ ಮೇಲೆ ಅಚ್ಚಾದದ್ದನ್ನು ಓದಿ ಅದನ್ನೇ ವಿಜ್ಞಾನ ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಹೋದ ವರ್ಷ ನನ್ನ ಎದೆಯ ರಕ್ತನಾಳ ಕಟ್ಟಿಕೊಂಡಿತು. ವಿಜಯಪುರದ ಆಸ್ಪತ್ರೆಯಲ್ಲಿ ಅದರೊಳಗೆ ಸ್ಟೆಂಟ್ ಎಂಬ ಸಣ್ಣದೊಂದು ಜಾಳಿಗೆ ಕೂರಿಸಿ ಮನೆಗೆ ಕಳಿಸಿದರು. ಮರುವಾರವೇ ನನ್ನ ತಮ್ಮ ಹೊಳೆಯುವ ಗಡಿಯಾರವೊಂದನ್ನು ತಂದ. ಅದು ನಾಡಿ ನೋಡುತ್ತದಂತೆ, ಉಸಿರು ನೋಡುತ್ತದಂತೆ. ಕಟ್ಟಿಕೊಂಡವರು ಬಿದ್ದು ಬೇಗ ಏಳದಿದ್ದರೆ, ಎಲ್ಲಿ ಬಿದ್ದಿದ್ದಾರೆ ಎಂದು ತಮ್ಮನ ಫೋನಿಗೆ ತಾನೇ ಸುದ್ದಿ ಮುಟ್ಟಿಸುತ್ತದಂತೆ.

“ನನ್ನ ನಾಡಿ ನೋಡಾಕ ನನಗ ಬೆರಳ ಅದಾವು,” ಎಂದೆ.

“ನೀ ಹಳೇ ಕಾಲದಾಗನ ಕೊಳಿ,” ಎಂದು ತಮ್ಮ ಅದನ್ನು ಅಕ್ಕನ ಕೈಗೆ ಕಟ್ಟಿಬಿಟ್ಟ.

ಅಕ್ಕ ನಮ್ಮಿಬ್ಬರಿಗೂ ಹಿರಿಯಳು. ತಾಯಿ ಇಲ್ಲದ ನಮ್ಮನ್ನು ಎತ್ತಿ ಆಡಿಸಿ ಬೆಳೆಸಿದವಳು. ಗಂಡ ತೀರಿದ ಮೇಲೆ ನನ್ನ ಮನೆಯಲ್ಲೇ ಇದ್ದಾಳೆ. ತಮ್ಮ ಕೊಟ್ಟದ್ದೆಂಬ ಒಂದೇ ಕಾರಣಕ್ಕೆ ಆ ಗಡಿಯಾರವನ್ನು ಅವಳು ಬಿಚ್ಚುತ್ತಿರಲಿಲ್ಲ. ಅದು ದಿನವಿಡೀ ನಡುಗುತ್ತಿತ್ತು: ಎದ್ದು ನಿಲ್ಲು, ನೀರು ಕುಡಿ, ಉಸಿರಾಡು. ಉಸಿರಾಡು ಅಂತ ಹೇಳಿಸಿಕೊಳ್ಳುವ ಗತಿ ಮನುಷ್ಯನಿಗೆ ಬಂದಿದೆ, ಇದಕ್ಕೆ ಪ್ರಗತಿ ಅನ್ನುತ್ತಾರೆ. ಅವಳು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದರೆ ಅದು ಮೈಲಿಗಟ್ಟಲೆ ನಡೆದಿರಿ ಎಂದು ಶಭಾಸ್‌ಗಿರಿ ಕೊಡುತ್ತಿತ್ತು. ನಡುಗಿದಾಗಲೆಲ್ಲ ಅಕ್ಕ ನೊಣ ಓಡಿಸಿದಂತೆ ಕೈ ಝಾಡಿಸಿ ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು.

ಒಂದು ಶನಿವಾರ ಬೆಳಕು ಹರಿಯುವಾಗ ತಮ್ಮನ ಫೋನು ಬಂತು. “ಅಕ್ಕ ಬಿದ್ದಾಳ. ಊರ ಬಾವಿ ಕಡೆ ತೋರಿಸಾಕತ್ತೈತಿ. ಅಂಬುಲೆನ್ಸಿಗೆ ಹೇಳೇನಿ, ನೀ ಓಡು.”

ಒಳಗೆ ಅಕ್ಕನ ಹಾಸಿಗೆ ಮಡಚಿಟ್ಟಿತ್ತು. ಆ ಗಡಿಯಾರದ ಒಂದು ಮಾತನ್ನೂ ನಂಬದ ನಾನು ಚಪ್ಪಲಿ ಕೂಡ ಮೆಟ್ಟದೆ ಓಡಿದೆ. ನಡುವೆ ಉಸಿರು ಸಿಕ್ಕದೆ ಗೋಡೆ ಹಿಡಿದು ನಿಂತಾಗ ಅಂಬುಲೆನ್ಸು ಅರಚುತ್ತ ನನ್ನನ್ನು ದಾಟಿ ಹೋಯಿತು. ಅವಳು ಇಲ್ಲದ ಮನೆ ಕಣ್ಣ ಮುಂದೆ ಬಂತು. ಗೋಡೆ ಬಿಟ್ಟು ಮತ್ತೆ ಓಡಿದೆ.

ಅಕ್ಕ ಬಿದ್ದಿರಲಿಲ್ಲ. ದೀಡನಮಸ್ಕಾರ ಹಾಕುತ್ತಿದ್ದಳು. ಬಾವಿಯಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ಹನುಮಪ್ಪನ ಗುಡಿಯವರೆಗೆ ನೆಲದ ಮೇಲೆ ಉದ್ದಕ್ಕೆ ಮಲಗುತ್ತ ಹೋಗಬೇಕು. ಚಾಚಿದ ಬೆರಳು ಮುಟ್ಟಿದಲ್ಲಿ ಜೊತೆಗಿದ್ದವರು ಕೋಲಿನಿಂದ ಗೆರೆ ಎಳೆಯುತ್ತಾರೆ. ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಮಲಗಬೇಕು. ಗುಡಿ ಮುಟ್ಟುವವರೆಗೆ ಯಾರೂ ಕೈ ಹಿಡಿದು ಎಬ್ಬಿಸಬಾರದು. ನೀರು ಬಿದ್ದರೂ ಗಡಿಯಾರಕ್ಕೆ ಏನೂ ಆಗುವುದಿಲ್ಲ ಎಂದು ತಮ್ಮ ಹೇಳಿದ್ದರಿಂದ ಅವಳು ಅದನ್ನು ಕಟ್ಟಿಕೊಂಡೇ ಮಿಂದಿದ್ದಳು. ಅಕ್ಕ ಮೈಬಿಟ್ಟು ಬೀಳುವವಳು, ಹಣೆ ಊರಿದರೆ ಬೇಗ ಏಳುವವಳಲ್ಲ. ಬಿದ್ದಿರೇನು ಎಂದು ಆ ಜಾಣ ವಸ್ತು ನಡುಗಿ ಕೇಳಿದೆ. ಅವಳು ಎಂದಿನಂತೆ ಲಕ್ಷ್ಯ ಕೊಟ್ಟಿಲ್ಲ. ಆಕಾಶದ ಉಪಗ್ರಹಕ್ಕೆ ಗಂಟು ಬಿದ್ದಿರುವ ಯಂತ್ರಕ್ಕೆ ನಮ್ಮ ಓಣಿಯ ಕತ್ತೆಗೆ ಇರುವಷ್ಟು ತಿಳಿವಳಿಕೆಯೂ ಇಲ್ಲ. ಕತ್ತೆಯಾದರೂ ಮಲಗಿದವಳನ್ನು ಕಂಡು ಸುತ್ತು ಹಾಕಿ ಹೋಗುತ್ತಿತ್ತು.

ನಾನು ಮುಟ್ಟುವಷ್ಟರಲ್ಲಿ ಅಂಬುಲೆನ್ಸಿನವರು ಅವಳ ರಟ್ಟೆ ಹಿಡಿದು ಎಬ್ಬಿಸಿ ಕೂರಿಸಿದ್ದರು. ಗುಡಿಯ ಕಟ್ಟೆ ಎದುರಿಗೇ ಇತ್ತು. ಗೆರೆ ಎಳೆಯುತ್ತಿದ್ದ ಪಕ್ಕದ ಮನೆಯವಳು ಕೋಲು ಹಿಡಿದುಕೊಂಡು ಅಳುತ್ತಿದ್ದಳು.

“ಹರಕಿ ಕೆಟ್ಟಿತ್ರಿ. ಮತ್ತ ಬಾವಿಯಿಂದ ಹಾಕಬೇಕು.”

“ಯಾವ ಹರಕಿ?”

“ನಿಮ್ಮ ಎದಿ ಸಲುವಾಗಿರಿ. ನಿಮ್ಮನ್ನ ವಿಜಯಪುರಕ್ಕ ಒಯ್ದ ದಿನಾನ ಬೇಡಿಕೊಂಡಿದ್ರು.”

ನನಗೆ ಸಿಟ್ಟು ನೆತ್ತಿಗೇರಿತು. ಒಬ್ಬನಿಗೆ ಡಬ್ಬಿಯೇ ದೇವರು, ಒಬ್ಬಳಿಗೆ ಗುಡಿಯೇ ಆಸ್ಪತ್ರೆ, ನಡುವೆ ಪಾಠ ಹೇಳಿದ ನಾನೊಬ್ಬ ಹುಚ್ಚ. “ಜಾಳಿಗಿ ಕೂಡಿಸಿದಾವ ಡಾಕ್ಟರ, ಹನುಮಪ್ಪ ಅಲ್ಲ. ಮನಿಗೆ ನಡಿ,” ಎಂದೆ.

“ಡಾಕ್ಟರ್ ಕಾಲಿಗೂ ಬಿದ್ದೇನಿ. ನೀ ಆವಾಗ ಒಳಗ ಮಲಗಿದ್ದಿ,” ಎಂದಳು ಅಕ್ಕ. ಗಡಿಯಾರ ಬಿಚ್ಚಿ ನನ್ನ ಕೈಗಿಟ್ಟು ಬಾವಿಯ ಕಡೆ ಹೊರಟಳು. ಮೊಣಕಾಲಿನ ಬಳಿ ಸೀರೆಗೆ ರಕ್ತ ಹತ್ತಿತ್ತು.

ಅಷ್ಟರಲ್ಲಿ, ಅಕ್ಕನಿಗೆ ಏನೂ ಆಗಿಲ್ಲವೆಂದು ಅಂಬುಲೆನ್ಸಿನವರಿಂದ ತಿಳಿದು, ತಮ್ಮ ಮತ್ತೆ ಫೋನು ಮಾಡಿದ. “ನೋಡಿದ್ಯಾ, ಎಷ್ಟ ಲಗೂನ ತಿಳಿಸ್ತು,” ಎಂದು ಹಿಗ್ಗಿದ. ನಾನು ಫೋನು ಕಿಸೆಗೆ ಹಾಕಿದೆ. ಪಕ್ಕದ ಮನೆಯವಳನ್ನು ನಿಂಬೆ ಕೀಳಲು ಕರೆದೊಯ್ಯುವ ಟಂಟಂ ಆಟೊ ಬಂದು ನಿಂತಿತ್ತು. ಅವಳು ಕೋಲನ್ನು ನನಗೆ ಕೊಟ್ಟು ಹತ್ತಿ ಹೋದಳು.

ನನಗೆ ಹರಕೆಯಲ್ಲಿ ಅಂದೂ ನಂಬಿಕೆ ಇರಲಿಲ್ಲ, ಇಂದೂ ಇಲ್ಲ. ಆದರೂ ಬಾವಿಯಿಂದ ಅವಳ ಜೊತೆ ಬಾಗಿ ಬಾಗಿ ಗೆರೆ ಎಳೆಯುತ್ತ ನಡೆದೆ. ಬಿಸಿಲು ಏರಿತು. ಏಳುವಾಗ ಅವಳ ತೋಳು ನಡುಗತೊಡಗಿದವು, ಮುಟ್ಟಿ ಎತ್ತುವಂತಿಲ್ಲ. ನನಗೆ ಸಂಕಟ ತಡೆಯಲಾಗಲಿಲ್ಲ. ಬೇಗ ಮುಗಿಯಲಿ ಎಂದು, ಅವಳು ಹಣೆ ಊರಿದ್ದಾಗ, ಬೆರಳಿಗಿಂತ ಒಂದು ಗೇಣು ಮುಂದೆ ಗೆರೆ ಎಳೆದೆ.

ಅಕ್ಕ ತಲೆ ಎತ್ತಿ ನೋಡಿದಳು. ಮಲಗಿದಲ್ಲಿಂದಲೇ ಮುಂದಕ್ಕೆ ಕೈ ಚಾಚಿ ಅಂಗೈಯಿಂದ ಆ ಗೆರೆ ಅಳಿಸಿದಳು.

“ಸರಿಯಾಗಿ ಎಳಿ,” ಎಂದಳು. “ನಿನ್ನ ಆಯುಷ್ಯ ಅದು. ಅದರಾಗ ಕಳ್ಳ ಅಳತಿ ಬ್ಯಾಡ.”

ಅವಳ ಬೆರಳು ಮೊದಲಿದ್ದಲ್ಲಿಗೆ ಕೋಲು ಒಯ್ದು ಗೆರೆ ಎಳೆದೆ.