ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಒಲೆ

ಶಿರಾದಲ್ಲಿ ನಮ್ಮ ಪಕ್ಕದ ಮನೆಯವರನ್ನು ನಾನು ಆಪಾ, ಅಂದರೆ ಅಕ್ಕ, ಎಂದೇ ಕರೆಯುವುದು. ಹೊಲಿಗೆಯಲ್ಲಿ ಪಳಗಿದ ಕೈ. ಈಚೆಗೆ ಕಂಪ್ಯೂಟರಿನಿಂದ ನಡೆಯುವ ಎಂಬ್ರಾಯಿಡರಿ ಮಿಷನ್ ತಂದಿದ್ದರು. ಅದಕ್ಕೆ ಸಿಕ್ಕ ಮೊದಲ ಮದುವೆ ಕೆಲಸ ಬರಗೂರಿನ ಹುಡುಗಿಯೊಬ್ಬಳ ರವಿಕೆ. ಸಂಜೆ ಬಸ್ಸಿಗೆ ಅದು ಹೋಗಲೇಬೇಕು. ಬೆಳಿಗ್ಗೆ ನೋಡಿದರೆ ಲ್ಯಾಪ್‌ಟಾಪಿನಲ್ಲಿ ಡಿಸೈನ್ ತೆರೆಯುವ ಪ್ರೋಗ್ರಾಮೇ ಏಳುತ್ತಿಲ್ಲ. ನನ್ನನ್ನು ಕರೆದರು.

“ನಿನ್ನೆ ಫೋಟೋ ತಿದ್ದೋದು ಒಂದು ಹಾಕ್ದೆ ಮೇಡಂ, ಅಷ್ಟೇಯ. ಅದು ಬಂದು ಇದನ್ನ ಮಲಗಿಸ್ಬುಡ್ತು.”

ಕಾಲೇಜಿನಲ್ಲಿ ಕಲಿತ ಕಂಪ್ಯೂಟರ್ ನೆನಪಿದೆ ಎಂಬ ಧೈರ್ಯದಲ್ಲಿ ಕುಳಿತೆ. ಫೋಟೋ ಪ್ರೋಗ್ರಾಮನ್ನು ತೆಗೆದುಹಾಕಿದೆ. ಏನೂ ಬದಲಾಗಲಿಲ್ಲ. ಎಂಬ್ರಾಯಿಡರಿಯದನ್ನೇ ತೆಗೆದು ಮತ್ತೆ ಹಾಕಿದೆ. ಪರದೆಯ ಮೇಲೆ ತಪ್ಪು ಹೇಳುವ ಅದೇ ಕೆಂಪು ಅಕ್ಷರಗಳು. ಅವನ್ನು ಓದಿದ್ದೆನೇ? ಓದಿದ್ದೆ ಎಂದೇ ನೆನಪು. ಇಂಥ ನೆನಪುಗಳನ್ನು ನಾನು ನಂಬುವುದಿಲ್ಲ. ಬಹುಶಃ ಕಣ್ಣಾಡಿಸಿದ್ದೆ.

ಅಳತೆಯನ್ನು ಗಟ್ಟಿಯಾಗಿ ಹೇಳಿ, ಎದುರಿಗಿದ್ದವರು ಹೂಂ ಅಂದ ಮೇಲೆಯೇ ಬಟ್ಟೆಗೆ ಕತ್ತರಿ ಹಾಕುವುದು ಆಪಾರ ಪದ್ಧತಿ. ನನಗೂ ಅದನ್ನೇ ಹಚ್ಚಿದರು.

“ಅರೇ, ಟಕಟಕ ಒತ್ಬೇಡಿ. ಏನು ಬರ್ದದೆ ಕನ್ನಡದಾಗೆ ಹೇಳಿ. ನಾನು ಹೂಂ ಅಂದ್ಮೇಲೆ ಒತ್ತಿ.”

ಸಾಲುಸಾಲಾಗಿ ಹೇಳುತ್ತಾ ಹೋದೆ. ಎರಡೂ ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಒಂದು ಭಾಗವಿದೆ. ಫೋಟೋದ್ದು ಬರುವಾಗ ಅದರ ಹೊಸ ಆವೃತ್ತಿ ತಂದಿದೆ, ಹೋಗುವಾಗ ಹಾಗೇ ಬಿಟ್ಟು ಹೋಗಿದೆ. ಎಂಬ್ರಾಯಿಡರಿಗೆ ಹಳೆಯದೇ ಬೇಕು.

“ಹೊಸ ಸೊಸೆ ಬಂದು ಒಲೆ ಬದಲಾಯಿಸ್ಬುಟ್ಳು ಅನ್ನಿ. ಅತ್ತೆಗೆ ಹಳೇದೇ ಆಗ್ಬೇಕು.”

“ಹೂಂ ಆಪಾ, ಹಂಗೇ.”

“ಮತ್ತೆ ಬೇರೆ ಒಲೆ ಹೂಡ್ಕೊಡಿ! ನಮ್ಮನೇಲೂ ಅದೇ ಮಾಡಿದ್ದು. ಈಗ ಇಬ್ರೂ ನಗ್ತಾ ಮಾತಾಡ್ತಾರೆ.”

ಒಲೆಯ ಮಾತು ಅವರದೆಂದು ಬರೆಯುತ್ತಿದ್ದೇನೆ. ಅವರನ್ನು ಕೇಳಿದರೆ, ಅದನ್ನು ಅಂದದ್ದು ಮೇಡಂ ಎನ್ನುತ್ತಾರೆ.

ಹಳೆಯ ಆವೃತ್ತಿಯನ್ನು ಬೇರೊಂದು ಫೋಲ್ಡರಿನಲ್ಲಿಟ್ಟು, ಎಂಬ್ರಾಯಿಡರಿ ಪ್ರೋಗ್ರಾಂ ಅದನ್ನು ಅಲ್ಲಿಂದಲೇ ತೆಗೆದುಕೊಳ್ಳುವಂತೆ ಮಾಡಿದೆ. ಪ್ರತಿ ಸಾಲನ್ನೂ ಹೇಳಿದೆ. ಅರ್ಥವಾಗದಿದ್ದಾಗ ಆಪಾ ಮತ್ತೆ ಹೇಳಿಸಿದರು. ಹಾಗೆ ಹೇಳುವಾಗಲೇ ಒಂದು ಕಡೆ ನಾನು ತಪ್ಪು ಫೋಲ್ಡರನ್ನು ತೋರಿಸಿದ್ದು ನನ್ನ ಕಣ್ಣಿಗೆ ಬಿತ್ತು. ತಿದ್ದಿದೆ.

ಡಿಸೈನ್ ತೆರೆಯಿತು. ರವಿಕೆಯ ತೋಳಿನ ಮೇಲೆ ಸೂಜಿ ಓಡಿ ಮೊದಲ ಎಲೆ ಮೂಡಿತು.

ಸಂಜೆ ರವಿಕೆಯನ್ನು ಕಂಡಕ್ಟರ್ ಕೈಗೆ ಕೊಟ್ಟು ಬಂದ ಆಪಾ ಬಾಗಿಲಲ್ಲೇ ಹೇಳಿದರು:

“ಹುಡುಗಿ ಫೋನ್ ಮಾಡಿದ್ಳು. ಅವಳ ಅತ್ತೆಮಗಳಿಗೂ ಒಂದು ಬೇಕಂತೆ. ನವಿಲು ಬರುತ್ತಾ ಅಂದ್ಳು, ಬರುತ್ತೆ ಅಂದ್ಬುಟ್ಟೆ.”

“ನವಿಲಿನ ಡಿಸೈನ್ ಇದೆಯಾ ಆಪಾ?”

“ಎಲ್ಲೈತೆ? ಕೂತ್ಕೊಳ್ಳಿ, ಮಾಡಾಣ.”